ಧಾರವಾಡ ಹಚ್ಚು

ನಮ್ಮ ಕಡೆ ರೇಡಿಯೊ ಹಾಕುವುದಿಲ್ಲ, ಹಚ್ಚುತ್ತಾರೆ. ದೀಪ ಹಚ್ಚಿದ ಹಾಗೆ, ಒಲೆ ಹಚ್ಚಿದ ಹಾಗೆ. ಬೆಟಗೇರಿಯಲ್ಲಿ ನಮ್ಮ ದಾದಾರದೊಂದು ಹೊಲಿಗೆ ಅಂಗಡಿ ಇತ್ತು. ಮೂಲೆಯ ಹಲಗೆಯ ಮೇಲೆ ಮರದ ಕವಚದ ರೇಡಿಯೊ. ಅದಕ್ಕೆ ಧೂಳು ಕೂರಬಾರದೆಂದು ಉಳಿದ ತುಂಡುಬಟ್ಟೆಗಳಿಂದ ದಾದಿ ಹೊಲಿದುಕೊಟ್ಟ ಬಣ್ಣಬಣ್ಣದ ಗಲೀಪು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ದಾದಾ ನನಗೆ ಹೇಳುತ್ತಿದ್ದ ಮಾತು ಒಂದೇ. ಗಿರಾಕಿಗಳಿದ್ದರೆ "ಧಾರವಾಡ ಹಚ್ಚೋ", ಯಾರೂ ಇಲ್ಲದಿದ್ದರೆ "ಧಾರವಾಡ ಲಗಾ ರೇ". ಎರಡು ಭಾಷೆಗೂ ಧಾರವಾಡವೇ. ಅವರು ಆಕಾಶವಾಣಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯು ಇನ್ನು ಮುಂದೆ 'ಆಲ್ ಇಂಡಿಯಾ ರೇಡಿಯೊ' ಎನ್ನಬಾರದು, 'ಆಕಾಶವಾಣಿ' ಎಂದೇ ಹೇಳಬೇಕು ಎಂದು ತನ್ನ ಕೇಂದ್ರಗಳಿಗೆ ಆದೇಶಿಸಿದಾಗ ನನಗೆ ದಾದಾರ ನೆನಪಾಗಿ ನಗು ಬಂತು. ಅವರಿಗೆ ಎರಡೂ ಹೆಸರು ಬೇಕಾಗಿರಲಿಲ್ಲ.

ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಭಾರತ ಗಣರಾಜ್ಯವಾಗಲು ಇನ್ನೂ ಹದಿನೆಂಟು ದಿನ ಬಾಕಿ ಇತ್ತು. ಕರ್ನಾಟಕ ಏಕೀಕರಣಕ್ಕಂತೂ ಆರು ವರ್ಷ ಮೇಲ್ಪಟ್ಟು. ಈ ಇಸವಿಯನ್ನು ಸುಮ್ಮನೆ ಓದಿ ಮುಂದೆ ಹೋಗುವ ಹಾಗಿಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇವತ್ತು ಒಂದೇ ಜಿಲ್ಲೆಯ ಊರುಗಳು. ಒಂದು ಬಸ್ಸಿನಲ್ಲಿ ಕೂತರೆ ಅರ್ಧ ದಿನದಲ್ಲಿ ನಾಲ್ಕನ್ನೂ ಮುಟ್ಟಿ ಬರಬಹುದು. 1947ರಲ್ಲಿ ಹಾಗಿರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಣಕ್ಕೆ ನಡೆದರೆ ಕೊಪ್ಪಳ ಸೀಮೆ, ಅಂದರೆ ಹೈದರಾಬಾದ್ ನಿಜಾಮರ ರಾಜ್ಯ. ತೆಂಕಣಕ್ಕೆ ತುಂಗಭದ್ರೆ ದಾಟಿದರೆ ಹಡಗಲಿ, ಅದು ಬಳ್ಳಾರಿಯೊಂದಿಗೆ ಮದ್ರಾಸಿನ ಪಾಲು. ಕನ್ನಡ ಒಂದೇ, ಕಂದಾಯ ಕಟ್ಟುವ ಕಚೇರಿ ಐದು.

ಹೀಗೆ ಹರಿದು ಹಂಚಿಹೋದ ನೆಲಕ್ಕೆ ಆಗ ಕೇಳುತ್ತಿದ್ದ ರೇಡಿಯೊಗಳೂ ಹಾಗೆಯೇ ಬೇರೆ ಬೇರೆ ದಿಕ್ಕಿನವು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಪ್ರೇಷಕ ಇಟ್ಟು 'ಆಕಾಶವಾಣಿ' ಎಂದು ಹೆಸರಿಟ್ಟಿದ್ದರು ನಿಜ. ಆದರೆ ಅದರ ದನಿ ನಮ್ಮ ಎರೆನೆಲದವರೆಗೆ ಬರುವಷ್ಟು ಶಕ್ತವಾಗಿರಲಿಲ್ಲ. ಮುಂಬಯಿ ಕೇಂದ್ರವಿತ್ತು. ಮೂಡಣ ಗಡಿಯ ಆಚೆ ಹೈದರಾಬಾದಿನ ಡೆಕ್ಕನ್ ರೇಡಿಯೊ ಇತ್ತು. ಅದರ ಮುಖ್ಯ ಭಾಷೆ ಉರ್ದು. 1948ರಲ್ಲಿ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳು ನಡೆದಿದ್ದಾಗ, ರೇಡಿಯೊ ಅಂದರೆ ಭಯ ಮತ್ತು ವದಂತಿಗಳ ಪೆಟ್ಟಿಗೆಯೂ ಆಗಿತ್ತು. ಆ ವರ್ಷ ಸೆಪ್ಟೆಂಬರ್ 17ರಂದು ನಿಜಾಮರು ಸೋಲೊಪ್ಪಿ ಮಾತನಾಡಿದ್ದು ರೇಡಿಯೊದಲ್ಲೇ. ಗಡಿಯ ಆಚೆಗೂ ಈಚೆಗೂ ನಂಟಸ್ತನ ಇದ್ದ ಮುಸ್ಲಿಮ್ ಮನೆಗಳಲ್ಲಿ ಆ ದಿನಗಳ ಮಾತು ಬಂದರೆ ಹಿರಿಯರು ದನಿ ತಗ್ಗಿಸುತ್ತಿದ್ದರು. ನಮ್ಮ ದಾದಿಯ ತವರು ಕೊಪ್ಪಳದ ಕಡೆ. ಅವಳು ಆ ವರ್ಷದ ಬಗ್ಗೆ ಒಂದು ಪೂರ್ಣ ವಾಕ್ಯ ಹೇಳಿದ್ದು ನನಗೆ ನೆನಪಿಲ್ಲ.

ಅದಾದ ಹದಿನಾರು ತಿಂಗಳಿಗೆ ಧಾರವಾಡ ಮಾತನಾಡತೊಡಗಿತು. ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದದ್ದು ಆರೇ ಬಾನುಲಿ ಕೇಂದ್ರಗಳು: ದೆಹಲಿ, ಮುಂಬಯಿ, ಕಲಕತ್ತಾ, ಮದ್ರಾಸು, ಲಖನೌ, ತಿರುಚಿರಾಪಳ್ಳಿ. ಆಗ ಪ್ರಸಾರ ಖಾತೆಯನ್ನೂ ನೋಡಿಕೊಳ್ಳುತ್ತಿದ್ದ ಸರ್ದಾರ್ ಪಟೇಲರ ಕಾಲದಲ್ಲಿ ಭಾಷಾ ಪ್ರದೇಶಗಳಿಗೆ ಒಂದೊಂದರಂತೆ ಕೇಂದ್ರಗಳನ್ನು ಬೇಗ ಬೇಗ ತೆರೆಯಲಾಯಿತು. ಗುವಾಹಟಿ, ಕಟಕ್, ನಾಗಪುರ, ವಿಜಯವಾಡ ಬಂದವು. ಅದೇ ಸಾಲಿನಲ್ಲಿ ಮುಂಬಯಿ ರಾಜ್ಯದ ಕನ್ನಡಿಗರಿಗೆಂದು ಧಾರವಾಡ ಬಂತು. ಮಿರಜ, ಸಾಂಗಲಿ ಸಂಸ್ಥಾನಗಳು 1948ರಲ್ಲೇ ಮುಂಬಯಿಯಲ್ಲಿ ವಿಲೀನವಾಗಿದ್ದವು. ಆದರೆ ಹೈದರಾಬಾದ್ ಮತ್ತು ಮದ್ರಾಸಿನ ಗೆರೆಗಳು ಹಾಗೇ ಇದ್ದವು. ರಾಜ್ಯ ಪುನರ್ವಿಂಗಡಣಾ ಆಯೋಗದವರು ನಕ್ಷೆ ಬಿಡಿಸುವ ಮೊದಲೇ ಮುಂಡರಗಿಯವನೂ ಕೊಪ್ಪಳದವನೂ ಹಡಗಲಿಯವನೂ ಸಂಜೆ ಒಂದೇ ಕನ್ನಡ ದನಿಗೆ ಕಿವಿ ಕೊಡುವಂತಾಯಿತು. ಏಕೀಕರಣದ ಇತಿಹಾಸ ಬರೆದವರು ಪರಿಷತ್ತು, ಪತ್ರಿಕೆ, ಸತ್ಯಾಗ್ರಹಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಈ ಪೆಟ್ಟಿಗೆಗೆ ಅಲ್ಲಿ ಒಂದು ಅಧ್ಯಾಯ ಸಲ್ಲಬೇಕಿತ್ತೆಂದು ನನ್ನ ಅನಿಸಿಕೆ.

ದನಿ ದೂರ ಹೋಗಲು ನಮ್ಮ ಮಣ್ಣಿನ ಸಹಾಯವೂ ಇತ್ತು. ಮಧ್ಯಮ ತರಂಗ ಹಗಲು ಹೊತ್ತು ನೆಲಕ್ಕೆ ಅಂಟಿಕೊಂಡೇ ಹರಿಯುತ್ತದೆ. ಕಲ್ಲುಗುಡ್ಡಗಳಿಗಿಂತ ತೇವ ಹಿಡಿಯುವ ಸಪಾಟು ಎರೆಮಣ್ಣು ಅದಕ್ಕೆ ಒಳ್ಳೆಯ ದಾರಿ. ಮುಂದೆ 200 ಕಿಲೋವಾಟಿನ ಪ್ರೇಷಕ ಬಂದು, 765 ಕಿಲೋಹರ್ಟ್ಸ್ ಎಂಬ ಅಂಕಿ ಜನಕ್ಕೆ ಬಾಯಿಪಾಠವಾದ ಮೇಲೆ ಹೊಲದ ಬದುವಿನಲ್ಲಿ ಟ್ರಾನ್ಸಿಸ್ಟರ್ ಇಟ್ಟರೂ ಧಾರವಾಡ ಸ್ವಚ್ಛ ಕೇಳುತ್ತಿತ್ತು. ರಾತ್ರಿಯಾದರೆ ಮಾತು ಬೇರೆ. ಸೂರ್ಯ ಮುಳುಗಿದ ಮೇಲೆ ಮೇಲಿನ ವಾಯುಪದರ ದೂರದ ಅಲೆಗಳನ್ನು ಕನ್ನಡಿಯಂತೆ ಕೆಳಗೆ ಹೊರಳಿಸುತ್ತದೆ. ಆಗ ಮುಳ್ಳು ಸ್ವಲ್ಪ ಸರಿಸಿದರೆ ಯಾವುದೋ ದೇಶದ ಖವ್ವಾಲಿ, ಯಾವುದೋ ಭಾಷೆಯ ಜಗಳ ಒಳಗೆ ನುಗ್ಗುತ್ತಿತ್ತು. ದಾದಾ ರಾತ್ರಿ ಉರ್ದು ಸರ್ವೀಸಿಗೆ ಹೋಗುತ್ತಿದ್ದರು. ಹಗಲಿಗೆ ಧಾರವಾಡ, ರಾತ್ರಿಗೆ ದೆಹಲಿಯ ಉರ್ದು. ಅವರ ಬದುಕೂ ಹಾಗೇ ಭಾಗವಾಗಿತ್ತು.

ಸಂಗೀತದ ಮಾತು ಬಂದರೆ ಈ ಕೇಂದ್ರದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮಲ್ಲಿಕಾರ್ಜುನ ಮನಸೂರರು 1960ರ ದಶಕದಲ್ಲಿ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ನಮ್ಮ ಕಿವಿಗೆ ಮನೆಯವರಷ್ಟೇ ಪರಿಚಿತರಾದದ್ದು ಈ ಕೇಂದ್ರದಿಂದ. ಆದರೆ ಆ ಕಾಲದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. 1952ರಿಂದ 1962ರವರೆಗೆ ಪ್ರಸಾರ ಮಂತ್ರಿಯಾಗಿದ್ದವರು ಬಿ.ವಿ. ಕೇಸ್ಕರ್. ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ದೂರವಿಟ್ಟು ಇಡೀ ದೇಶದ ಯುವಕರನ್ನು ರೇಡಿಯೊ ಸಿಲೋನಿಗೆ ಅಟ್ಟಿದ ಪುಣ್ಯ ಅವರದು. ಅದನ್ನು ಸರಿಪಡಿಸಲು 1957ರಲ್ಲಿ ವಿವಿಧ ಭಾರತಿ ತೆರೆಯಬೇಕಾಯಿತು. ಶಾಸ್ತ್ರೀಯ ಸಂಗೀತಕ್ಕೆ ಅವರು ಕೊಟ್ಟ ಪ್ರೋತ್ಸಾಹ ದೊಡ್ಡದು, ಅದನ್ನು ಮರೆಯುವಂತಿಲ್ಲ. ಆದರೆ ಉತ್ತರದ ಸಂಗೀತ ಮುಸ್ಲಿಮ್ ಉಸ್ತಾದರ ಕೈಗೆ ಸಿಕ್ಕಿ ತನ್ನ ಆಧ್ಯಾತ್ಮವನ್ನು ಕಳೆದುಕೊಂಡಿತು ಎಂಬರ್ಥದ ವಾದವೂ ಅವರದಾಗಿತ್ತು.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಧಾರವಾಡದ ಕಲಾವಿದರ ಗುರುಗಳನ್ನು ಲೆಕ್ಕ ಹಾಕತೊಡಗಿದೆ. ಮನಸೂರರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರ ಬಳಿ. ಗಂಗೂಬಾಯಿಯವರ ಗುರು ಕುಂದಗೋಳದ ಸವಾಯಿ ಗಂಧರ್ವರು, ಅವರ ಗುರು ಕಿರಾಣಾದ ಅಬ್ದುಲ್ ಕರೀಮ್ ಖಾನ್. ರೋಣ-ಗದಗಿನ ಹುಡುಗ ಭೀಮಸೇನ ಜೋಶಿ ಮನೆ ಬಿಟ್ಟು ಓಡಿಹೋದದ್ದಕ್ಕೆ ಅದೇ ಕರೀಮ್ ಖಾನರ ಝಿಂಝೋಟಿಯ ಒಂದು ಧ್ವನಿಮುದ್ರಿಕೆ ಕಾರಣ. ಧಾರವಾಡದಲ್ಲೇ ನೆಲೆಸಿ ಸಿತಾರ್ ಕಲಿಸಿದವರು ರಹಿಮತ್ ಖಾನರು. ಅವರ ಮೊಮ್ಮಗ ಬಾಲೇ ಖಾನರ ಸಿತಾರು ಕೇಳದೆ ಬೆಳೆದ ರೇಡಿಯೊ ಕೇಳುಗ ನಮ್ಮ ಕಡೆ ಇಲ್ಲ. ಮಂತ್ರಿಗಳ ವಾದಕ್ಕೆ ಧಾರವಾಡ ಯಾವ ಪತ್ರವನ್ನೂ ಬರೆದು ಉತ್ತರ ಕೊಡಲಿಲ್ಲ. ಬೆಳಿಗ್ಗೆ ಸಂಜೆ ಹಾಡಿಸುತ್ತ ಹೋಯಿತು.

ಹಾರ್ಮೋನಿಯಮ್ಮಿನ ಕತೆ ಇನ್ನೊಂದು. ಅದು ಪರದೇಶದ ವಾದ್ಯ, ನಮ್ಮ ಶ್ರುತಿಗಳನ್ನು ಕೆಡಿಸುತ್ತದೆ ಎಂದು 1940ರಲ್ಲಿ ರೇಡಿಯೊದಿಂದ ಹೊರಹಾಕಿದ್ದರು. ಆ ನಿಷೇಧ ಸಡಿಲವಾದದ್ದು 1971ರ ಹೊತ್ತಿಗೆ. ಅಂದರೆ ಧಾರವಾಡ ಕೇಂದ್ರದ ಮೊದಲ ಇಪ್ಪತ್ತು ವರ್ಷ ಅಲ್ಲಿ ಪೆಟ್ಟಿಗೆ ಬಾರಿಸುವಂತಿರಲಿಲ್ಲ. ಇತ್ತ ಗದುಗಿನಲ್ಲಿ ನೋಡಿದರೆ ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದ ಅಂಗಳದ ತುಂಬ ಹಾರ್ಮೋನಿಯಮ್. ಅಂಧ ಮಕ್ಕಳ ಬೆರಳುಗಳು ಅದರ ಮನೆಗಳ ಮೇಲೆಯೇ ಸ್ವರ ಗುರುತಿಸುವುದನ್ನು ಕಲಿಯುತ್ತಿದ್ದವು. ಆ ಮಕ್ಕಳು ಧಾರವಾಡಕ್ಕೆ ಹೋದರೆ ತಂಬೂರಿ, ಸಾರಂಗಿಯೊಂದಿಗೆ ಹಾಡಬೇಕು. ಈ ನಿಷೇಧದಿಂದ ಒಂದು ಲಾಭವೂ ಆಯಿತೆನ್ನಿ. ಬಹುಪಾಲು ಮುಸ್ಲಿಮ್ ಮನೆತನಗಳಲ್ಲಿ ಉಳಿದಿದ್ದ ಸಾರಂಗಿಗೆ ದೇಶದ ಬಾನುಲಿ ಕೇಂದ್ರಗಳಲ್ಲಿ ತಿಂಗಳ ಸಂಬಳದ ನೌಕರಿ ಸಿಕ್ಕಿತು. ಇಲ್ಲದಿದ್ದರೆ ಆ ವಾದ್ಯ ಇನ್ನೂ ಬೇಗ ಮೂಲೆ ಸೇರುತ್ತಿತ್ತು.

ಕಣ್ಣಿಲ್ಲದವರಿಗೆ ರೇಡಿಯೊದಷ್ಟು ನ್ಯಾಯವಾದ ವೇದಿಕೆ ಮತ್ತೊಂದಿಲ್ಲ. ಅಲ್ಲಿ ಕೇಳುವವನೂ ಹಾಡುವವನನ್ನು ನೋಡಲಾರ. ಪುಣ್ಯಾಶ್ರಮದಲ್ಲಿ ಕಲಿತವರು ಆಡಿಶನ್ ಪಾಸಾಗಿ 'ಬಿ' ಗ್ರೇಡ್, 'ಎ' ಗ್ರೇಡ್ ಪಡೆದರೆ ಜಾತ್ರೆಯ ಕರಪತ್ರದಲ್ಲಿ ಅವರ ಹೆಸರಿನ ಕೆಳಗೆ 'ಆಕಾಶವಾಣಿ ಕಲಾವಿದರು' ಎಂದು ಅಚ್ಚಾಗುತ್ತಿತ್ತು. ನಾಲ್ಕಕ್ಷರದ ಡಿಗ್ರಿಗಿಂತ ಅದಕ್ಕೆ ಬೆಲೆ. ಅಲ್ಲಿಂದ ಬಂದ ವೆಂಕಟೇಶಕುಮಾರರನ್ನು ಇವತ್ತು ಇಡೀ ದೇಶ ಕೇಳುತ್ತಿದೆ.

ರೈತರ ಕಾರ್ಯಕ್ರಮದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಎರಡು ಮಾತು ಹೇಳಿ ಮುಗಿಸುತ್ತೇನೆ. ಗದುಗು ಹತ್ತಿಯ ಪೇಟೆ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹತ್ತಿಯ ಹೈಬ್ರಿಡ್ ತಳಿ ತಂದರು. ಅದರ ಹೂವನ್ನು ಯಾವಾಗ ಕೈಯಿಂದ ಬಿಡಿಸಬೇಕು, ಪರಾಗ ಯಾವಾಗ ತಾಕಿಸಬೇಕು ಎಂಬಂಥ ಸೂಕ್ಷ್ಮವನ್ನು ಓದು ಬಾರದ ಒಕ್ಕಲಿಗನಿಗೆ ಹೇಳಬೇಕಾದರೆ ಅಚ್ಚಿನ ಹಾಳೆ ಸಾಲದು, ಬಾಯಿ ಬೇಕು. ಧಾರಣೆ ಹೇಳುವ ಹೊತ್ತಿಗೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹತ್ತು ಜನ ಕೂರುತ್ತಿದ್ದರು. ಹೊಲಿಗೆ ಯಂತ್ರ ನಿಲ್ಲಿಸು ಎಂದು ದಾದಾರಿಗೆ ಗದರುವಷ್ಟು ಸಲುಗೆ ಅವರಿಗಿತ್ತು.

ಆದರೆ ಆ ಬಾಯಿ ಯಾವ ಕನ್ನಡ ಆಡುತ್ತಿತ್ತು? ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದ ಗ್ರಂಥ. ಅದು ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುತ್ತ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಪುಲಿಗೆರೆ ಎಂದರೆ ನಮ್ಮ ಲಕ್ಷ್ಮೇಶ್ವರ. ಕೊಪಣ ಎಂದರೆ ದಾದಿಯ ತವರಿನ ಕೊಪ್ಪಳ. ಗದಗ, ಶಿರಹಟ್ಟಿ, ಮುಂಡರಗಿಗಳು ಆ ಸೀಮೆಯ ಮಡಿಲಲ್ಲೇ ಕೂತಿವೆ. ತಿರುಳ್ಗನ್ನಡದ ಈ ನೆಲದ ಜನ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ರೇಡಿಯೊ ಹಚ್ಚಿದರೆ, ವಾರ್ತೆಯಲ್ಲಿ ಕೇಳುತ್ತಿದ್ದದ್ದು ಪುಸ್ತಕದ ಕನ್ನಡ. ನಮ್ಮ 'ಬರಾಕ್ಹತ್ತೇನಿ', 'ಹೋಗೂದಿಲ್ರಿ' ಕೇಳಬೇಕಾದರೆ ರೈತರ ಕಾರ್ಯಕ್ರಮದ ಸಂಭಾಷಣೆಗೋ ನಾಟಕದ ಆಳಿನ ಪಾತ್ರಕ್ಕೋ ಕಾಯಬೇಕಿತ್ತು. ಧಾರವಾಡದ ಮಟ್ಟಿಗೆ ಇದರಲ್ಲಿ ಸ್ವಲ್ಪ ರಿಯಾಯಿತಿ ಇತ್ತೆಂದು ಒಪ್ಪುತ್ತೇನೆ. ಬೇಂದ್ರೆಯವರೇ ಅಲ್ಲಿ ಸಲಹೆಗಾರರಾಗಿದ್ದರು. ಕಾದಂಬರಿಕಾರ ಎನ್ಕೆ ಕುಲಕರ್ಣಿಯವರು ಅಲ್ಲಿ ಕೆಲಸ ಮಾಡಿದರು. ಆಡುಮಾತಿನಲ್ಲಿ ತತ್ವಶಾಸ್ತ್ರವನ್ನೂ ಹೇಳಬಹುದೆಂದು ತಿಳಿದವರು ಅವರು. ಆದರೂ ಗಂಭೀರ ಮಾತಿಗೆ ಒಂದು ಕನ್ನಡ, ನಗಿಸುವುದಕ್ಕೆ ಇನ್ನೊಂದು ಎಂಬ ಪಂಕ್ತಿಭೇದ ಹೋಗಲಿಲ್ಲ.

ನನ್ನಂಥವರದು ಇನ್ನೂ ಒಂದು ಮೆಟ್ಟಿಲು ಕೆಳಗೆ. ಮನೆಯಲ್ಲಿ ದಖನಿ, ಪ್ರಾಥಮಿಕ ಶಾಲೆಯಲ್ಲಿ ಉರ್ದು, ಹೈಸ್ಕೂಲಿನಲ್ಲಿ ಕನ್ನಡ. ಉರ್ದು ಮಾಸ್ತರು ನನ್ನ 'ಖಾಫ್' ತಿದ್ದುತ್ತಿದ್ದರು. ಕನ್ನಡ ಮಾಸ್ತರು ಅಲ್ಪಪ್ರಾಣ ಮಹಾಪ್ರಾಣ ತಿದ್ದುತ್ತಿದ್ದರು. ದಖನಿಯನ್ನು ತಿದ್ದಲು ಯಾರೂ ಬರಲಿಲ್ಲ, ಅದನ್ನು ಯಾರೂ ಭಾಷೆ ಎಂದು ಎಣಿಸಿರಲಿಲ್ಲ. ಮೂರನೆಯ ಮಾಸ್ತರು ರೇಡಿಯೊ. ಪ್ರದೇಶ ಸಮಾಚಾರ ಓದುವವರನ್ನು ಅನುಕರಿಸಿ ಓದಿ ಓದಿ ನಾನು ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದೆ. "ಸಾಬರ ಹುಡುಗ ಎಷ್ಟು ಚೊಲೊ ಕನ್ನಡ ಮಾತಾಡತಾನ" ಎಂದರು. ಆ ಮಾತಿನಿಂದ ಆಗ ಹಿಗ್ಗಿದ್ದೆ. ಅದರಲ್ಲಿ ಹಿಗ್ಗುವಂಥದ್ದೇನೂ ಇರಲಿಲ್ಲವೆಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಮುಂದೆ ಕತೆ ಬರೆಯತೊಡಗಿದ ಮೇಲೆ ಒಂದು ಕೇಂದ್ರಕ್ಕೆ ಕತೆ ಓದಲು ಕರೆ ಬಂತು. ಯಾವ ಕೇಂದ್ರ ಎಂಬುದು ಬೇಡ, ಎಲ್ಲಿಯಾದರೂ ಆಗುತ್ತಿದ್ದ ಮಾತು. ಕತೆಯಲ್ಲಿ ಹುಡುಗ ತಾಯಿಯನ್ನು 'ಅಮ್ಮೀ' ಎನ್ನುತ್ತಾನೆ, ತಂದೆಯನ್ನು 'ಅಬ್ಬಾ' ಎನ್ನುತ್ತಾನೆ. ಹಸ್ತಪ್ರತಿ ನೋಡಿದವರು ತುಂಬ ಸಜ್ಜನಿಕೆಯಿಂದ, "ಕೇಳುಗರಿಗೆ ತೊಡಕಾಗತದ, ಅವ್ವ, ಅಪ್ಪ ಅಂತ ಮಾಡ್ರಿ" ಎಂದರು. ನಾನು ಮಾಡಿದೆ. ಚಹಾ ಕೊಟ್ಟರು, ಚೆಕ್ಕೂ ಬಂತು. ಪ್ರಸಾರದ ದಿನ ಅಮ್ಮಿ ಅಡುಗೆ ಮನೆಯಿಂದ ಬಂದು ಸೆರಗಿಗೆ ಕೈ ಒರೆಸಿಕೊಂಡು ಪೂರ್ತಿ ಕೇಳಿದಳು. ಮುಗಿದ ಮೇಲೆ, "ಕಿಸ್ಕೀ ಕಹಾನಿ ಹೈ ರೇ ಯೇ?" ಎಂದಳು. ಯಾರ ಕತೆಯೋ ಇದು? ಕತೆ ಅವಳದೇ ಆಗಿತ್ತು.

ಹಾಗೆಂದು ರೇಡಿಯೊ ನಮ್ಮನ್ನು ದೂರ ಇಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ. ರಮಜಾನಿನ ಇಪ್ಪತ್ತೊಂಬತ್ತನೆಯ ಸಂಜೆ ಮೋಡ ಕವಿದಿದ್ದರೆ ಇಡೀ ಗಲ್ಲಿ ನಮ್ಮ ಅಂಗಡಿಯ ಮುಂದೆ ಸೇರುತ್ತಿತ್ತು. ಚಂದ್ರ ಎಲ್ಲಾದರೂ ಕಂಡನೇ ಎಂದು ತಿಳಿಯಲು ರೇಡಿಯೊದ ಸುದ್ದಿ ಬಿಟ್ಟರೆ ದಾರಿ ಇರಲಿಲ್ಲ. ಬೆಟಗೇರಿಯ ನೇಕಾರರೂ ಮಗ್ಗ ನಿಲ್ಲಿಸಿ ಬಂದು, "ಏನಂತ್ರಿ, ನಾಳೆ ಹಬ್ಬನೋ ಇಲ್ಲೋ?" ಎಂದು ಕೇಳುತ್ತಿದ್ದರು. ಸುರಕುಂಬಾದ ಪಾಲು ಅವರಿಗೂ ಬರಬೇಕಿತ್ತಲ್ಲ.

ಇನ್ನೊಂದು ಕೊರತೆ ಮಾತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಲಕ್ಷ್ಮೇಶ್ವರಕ್ಕೆ ಹತ್ತಿರದ ಶಿಶುನಾಳದ ಶರೀಫರನ್ನು (1819-1889) ನಾಡಿಗೆಲ್ಲ ಹಂಚಿದ್ದರಲ್ಲಿ ರೇಡಿಯೊದ ಸುಗಮ ಸಂಗೀತದ ಪಾಲು ದೊಡ್ಡದು. ಆದರೆ ಶರೀಫರು ತತ್ವಪದ ಮಾತ್ರ ಬರೆದವರಲ್ಲ, ಮೊಹರಮ್ಮಿನ ಅಲಾವಿ ಪದಗಳನ್ನೂ ಕಟ್ಟಿದವರು. ನಮ್ಮ ನಾಲ್ಕೂ ಊರುಗಳ ಸುತ್ತಿನ ಹಳ್ಳಿಗಳಲ್ಲಿ ಮೊಹರಮ್ ಬಂದರೆ ರಿವಾಯತ್ ಮೇಳಗಳು ರಾತ್ರಿ ಪೂರ್ತಿ ಕರ್ಬಲಾದ ಕತೆ ಹಾಡುತ್ತವೆ. ಹಾಡು ಕನ್ನಡದಲ್ಲಿ, ಹಾಡುವವರಲ್ಲಿ ಹೆಚ್ಚಿನವರು ಹಿಂದೂ ಒಕ್ಕಲಿಗರು. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಪಂಜಾ ಕೂರಿಸುತ್ತಾರೆ. ಶಿರಹಟ್ಟಿಯ ಫಕೀರೇಶ್ವರ ಮಠದ ಸೀಮೆಯಲ್ಲಿ ಇದು ಆಶ್ಚರ್ಯದ ಸಂಗತಿಯೇ ಅಲ್ಲ. ಆದರೆ ರಿವಾಯತ್ ಹಾಡುವವನು ಗಡಿಯಾರ ನೋಡಿ ಹಾಡುವುದಿಲ್ಲ. ಜನಪದ ಸಂಗೀತಕ್ಕೆ ರೇಡಿಯೊ ಕೊಡುವುದು ಹದಿನೈದು ನಿಮಿಷ, ಹೆಚ್ಚೆಂದರೆ ಅರ್ಧ ತಾಸು. ಹುಸೇನರು ನೀರು ಕೇಳುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ಧ್ವನಿಮುದ್ರಿಸಿದ್ದೂ ಎಲ್ಲ ಉಳಿಯಲಿಲ್ಲ. ಸ್ಪೂಲ್ ಟೇಪು ದುಬಾರಿ ಎಂದು ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುವುದು ಬಾನುಲಿಯಲ್ಲಿ ಮಾಮೂಲಾಗಿತ್ತು. ದೊಡ್ಡ ಗವಾಯಿಗಳ ಟೇಪು ಕಪಾಟಿಗೆ ಹೋಯಿತು, ಸಣ್ಣವರ ಮೇಲೆ ಇನ್ನೊಬ್ಬ ಸಣ್ಣವನ ದನಿ ಕೂತಿತು. ಎಷ್ಟು ಮುದುಕರ ರಿವಾಯತ್ ಹಾಗೆ ಹೋಯಿತೋ ಲೆಕ್ಕ ಇಟ್ಟವರಿಲ್ಲ.

1997ರಲ್ಲಿ ಗದಗ ಜಿಲ್ಲೆಯಾಯಿತು. ಅದೇ ವರ್ಷ ಆಕಾಶವಾಣಿ ಪ್ರಸಾರ ಭಾರತಿಯ ಕೈಗೆ ಬಂತು. ಹೊಸಪೇಟೆ, ರಾಯಚೂರು, ವಿಜಯಪುರ, ಕಾರವಾರ, ಚಿತ್ರದುರ್ಗಗಳು ಒಂದೊಂದಾಗಿ ಎಫ್‌ಎಂ ಕೇಂದ್ರ ಪಡೆದವು. ನಾವು ಧಾರವಾಡದ ನೆರಳಲ್ಲೇ ಉಳಿದೆವು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸಮುದಾಯ ಬಾನುಲಿ ತೆರೆಯಿತು. ಆದರೆ ಅಂಥ ಸಣ್ಣ ಬಾನುಲಿಯ ದನಿ ಹತ್ತಿಪ್ಪತ್ತು ಕಿಲೋಮೀಟರ್ ಹೋಗುವುದೇ ಕಷ್ಟ. ಕೊನೆಗೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಗದಗ-ಬೆಟಗೇರಿಯ ಹೆಸರಿದೆ.

ಹರಾಜು ಹಿಡಿದವರು ಯಾವ ಕನ್ನಡದಲ್ಲಿ ಮಾತಾಡಿಸುತ್ತಾರೋ ಗೊತ್ತಿಲ್ಲ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ತಿದ್ದದೆ ಹಾಕಬೇಕೆಂಬುದು ನಿಯಮ. ಆದರೆ ಹವಾಮಾನ, ವಿದ್ಯುತ್ತು, ನೀರು ಪೂರೈಕೆಯ ಮಾಹಿತಿ ಹೇಳಬಹುದು, ಅದು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲವಂತೆ. ಇದನ್ನು ಅಮ್ಮಿಗೆ ಹೇಳಿದೆ. ನಮ್ಮ ಊರಿನ ನಲ್ಲಿಯ ಕತೆ ನಿಮಗೆ ಗೊತ್ತಿರಬಹುದು, ಬಿಂದಿಗೆ ಇಟ್ಟು ದಿನ ಎಣಿಸುವುದು ನಮಗೆ ಹುಟ್ಟಿನಿಂದ ಬಂದ ಲೆಕ್ಕ. ದಾದಾರ ರೇಡಿಯೊ ಈಗ ಅವಳ ಕಪಾಟಿನ ಮೇಲಿದೆ, ಗಲೀಪು ಹರಿದಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅವಳು ಕೇಳಿದಳು, "ನೀರು ಯಾವಾಗ ಬರತದಂತ ಹೇಳೋದಾದರ, ಅದರಾಗ ಕೇಳಸ್ತದನು?" ಅದು ಹಳೆಯದು, ಎಫ್‌ಎಂ ಹಿಡಿಯುವುದಿಲ್ಲ ಎಂದೆ.